ತೊಟ್ಟು ಬಿಟ್ಟ ಅಕ್ಷರ

ಮದುವೆಯಾದ ಮನೆಯಲ್ಲಿ ಕೊನೆಗೆ ಉಳಿಯುವುದು ಏನು? ಹಂದರದವರು ಹಂದರ ಬಿಚ್ಚಿಕೊಂಡು ಹೋಗುತ್ತಾರೆ. ಬಾಡಿಗೆಯ ಪಾತ್ರೆಗಳನ್ನು ಎಣಿಸಿ ಒಪ್ಪಿಸುತ್ತೇವೆ. ಮಿಕ್ಕ ಲಾಡುಗಳು ನೆರೆಮನೆಗಳಿಗೆ ಹೋಗುತ್ತವೆ. ಅಷ್ಟಾದ ಮೇಲೆ ಗೋಡೆಯ ಮೊಳೆಗೆ ಒಂದು ಕೈಚೀಲ ಮಾತ್ರ ತೂಗುತ್ತಿರುತ್ತದೆ. ಹಂಚದೆ ಉಳಿದ ಹತ್ತು ಲಗ್ನಪತ್ರಿಕೆ, ಆಯೇರಿ ಬರೆದ ವಹಿ, ಬಾಸಿಂಗದಿಂದ ಉದುರಿದ ಮಣಿ, ಅರಿಷಿಣ ಹಚ್ಚಿದ ಒಂದು ಹಿಡಿ ಅಕ್ಕಿಕಾಳು, ಹೂವಿನವನ ರಸೀದಿ. ಈ ಚೀಲವನ್ನು ಯಾರೂ ಎಸೆಯುವುದಿಲ್ಲ. ಹಾಗೆಂದು ಯಾರೂ ತೆರೆದು ನೋಡುವುದೂ ಇಲ್ಲ. ಹತ್ತು ವರ್ಷದ ಮೇಲೆ ಸುಣ್ಣ ಬಳಿಯುವ ದಿನ ಅದು ಅಟ್ಟ ಸೇರುತ್ತದೆ, ಅಲ್ಲಿಂದ ಇಲಿಗಳ ಪಾಲಾಗುತ್ತದೆ.

ಈ ಚೀಲದ ಗತಿಯನ್ನು ಬದಲಾಯಿಸಬೇಕೆಂದು ನನ್ನ ಮಗಳು ಹಟ ಹಿಡಿದಳು. ಫೋಟೋ ಆಲ್ಬಮ್ಮು ಹೇಗೂ ಬರುತ್ತದೆ. ಆದರೆ ಅದರಲ್ಲಿ ಎಲ್ಲರೂ ಒಂದೇ ರೀತಿ ನಕ್ಕಿರುತ್ತಾರೆ, ಅದು ತನ್ನ ಮದುವೆಯೋ ಇನ್ನೊಬ್ಬರದೋ ತಿಳಿಯುವುದಿಲ್ಲ ಎಂಬುದು ಅವಳ ವಾದ. ಅವಳಿಗೆ ಬೇಕಾದದ್ದು ಒಂದು ಸ್ಕ್ರ್ಯಾಪ್ ಬುಕ್ಕು. ದಪ್ಪ ಕಾಗದದ ಪುಟಗಳು. ಅವುಗಳ ಮೇಲೆ ಪತ್ರಿಕೆಯನ್ನೂ ಅಕ್ಷತೆಯನ್ನೂ ಅಂತರಪಟದ ಒಂದು ಚೂರನ್ನೂ ಅಂಟಿಸುವುದು. ಸುತ್ತ ಅಂಚು, ಬಳ್ಳಿ, ನವಿಲು. ನಡುನಡುವೆ ಹಿರಿಯರ ಕೈಯಿಂದ ನಾಲ್ಕು ಮಾತು.

ಇದು ಪೇಟೆಯ ಹೊಸ ಹುಚ್ಚು ಎಂದು ಓದುಗರು ನಗಬಾರದು. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದ ಕಡೆ, ಮರಾಠಿಯೂ ಕನ್ನಡವೂ ಒಂದೇ ಒಲೆಯ ಮೇಲೆ ಬೇಯುವ ನಮ್ಮ ಗಡಿ ಊರುಗಳಲ್ಲಿ, ಇದಕ್ಕೆ ಒಂದು ಹಳೆಯ ಜಾಗವಿದೆ. ಅದಕ್ಕೆ ರುಖವತ ಎನ್ನುತ್ತಾರೆ. ಹೆಣ್ಣಿನ ಕಡೆಯವರು ಲಗ್ನಮಂಟಪದ ಒಂದು ಬದಿಗೆ ಮೇಜು ಹಾಕಿ, ಕರ್ಚಿಕಾಯಿ, ಲಾಡು, ಚಕ್ಕುಲಿಗಳ ಜೊತೆಗೆ ಮನೆಯಲ್ಲೇ ಮಾಡಿದ ಕೌಶಲ್ಯದ ವಸ್ತುಗಳನ್ನು ಓರಣವಾಗಿ ಇಡುತ್ತಾರೆ: ಮಣಿಯ ತೋರಣ, ಕಸೂತಿಯ ಬಟ್ಟೆ, ಕೊಬ್ಬರಿಯಲ್ಲಿ ಕೆತ್ತಿದ ಹೂವು. ಗಂಡಿನ ಕಡೆಯ ಹೆಂಗಸರು ಅದರ ಮುಂದೆ ನಿಂತು, ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿ, ಹುಡುಗಿಯ ಕೈ ಹೇಗಿದೆ ಎಂದು ತೀರ್ಮಾನ ಮಾಡುತ್ತಾರೆ. ಅಂದರೆ ನಮ್ಮ ಪುಸ್ತಕ ಕೂಡಬೇಕಾದದ್ದು ಒಂದು ಪರೀಕ್ಷೆಯ ಮೇಜಿನ ಮೇಲೆ.

ಚಿತ್ರ ಬರೆಯುವ ಕೈ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಆದ್ದರಿಂದ ಮಗಳು ಸ್ಟೆನ್ಸಿಲ್ಲಿನ ಉಪಾಯ ತೆಗೆದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿದ ನನ್ನಂಥವನಿಗೆ ಸ್ಟೆನ್ಸಿಲ್ ಎಂದರೆ ನೆನಪಾಗುವುದು ಮಂಗಲಕಾರ್ಯವಲ್ಲ, ಪ್ರಶ್ನಪತ್ರಿಕೆ. ಮೇಣದ ಕಾಗದವನ್ನು ಟೈಪ್‌ರೈಟರಿಗೆ ಏರಿಸಿ, ರಿಬ್ಬನ್ನು ಸರಿಸಿ, ಬರಿಯ ಅಚ್ಚಿನ ಏಟಿನಿಂದ ಅಕ್ಷರ ಕೊರೆಯುವುದು. ಆಮೇಲೆ ಸೈಕ್ಲೋಸ್ಟೈಲ್ ಯಂತ್ರದ ಮಸಿ ಆ ತೂತುಗಳಿಂದ ಇಳಿದು ನೂರು ಹುಡುಗರ ನಿದ್ದೆಗೆಡಿಸುವುದು. ಅದೇ ಹೆಸರಿನ ವಸ್ತು ಮಗಳ ಮದುವೆಗೆ ಬಂತೆಂದರೆ ನನಗೆ ಬೆರಗಾಗದೆ ಇದ್ದೀತೆ?

ಆದರೆ ಕಣ್ಣು ಬಿಟ್ಟು ನೋಡಿದರೆ ಈ ಕೊರೆದ ಅಚ್ಚು ನಮ್ಮ ಸೀಮೆಯಲ್ಲಿ ಎಲ್ಲಿಲ್ಲ! ದೀಪಾವಳಿಯ ಸಂತೆಯಲ್ಲಿ ರಂಗೋಲಿಯ ತೂತಿನ ತಟ್ಟೆಗಳನ್ನು ರಾಶಿ ಹಾಕಿ ಮಾರುತ್ತಾರೆ. ಪುಡಿ ಸುರಿದು ಕೈಯಾಡಿಸಿದರೆ ಹೊಸ್ತಿಲ ಮುಂದೆ ಕಮಲ ಅರಳುತ್ತದೆ. ನಿಪ್ಪಾಣಿಯ ತಂಬಾಕಿನ ಬೋದುಗಳ ಮೇಲೆ ತಗಡಿನ ಅಚ್ಚಿಟ್ಟು ಕರಿ ಬಣ್ಣದಲ್ಲಿ ಹೊಡೆದ ಗುರುತುಗಳನ್ನು ನೋಡಿಯೇ ನಾನು ಬಾಲ್ಯದಲ್ಲಿ ಇಂಗ್ಲಿಷ್ ಅಕ್ಷರ ಕಲಿತೆ. ನನ್ನ ಹೆಂಡತಿ ರಾಯಬಾಗದವಳು. ಮದುವೆಯಲ್ಲಿ ಅವಳ ಜೊತೆಗೆ ಬಂದ ಕಬ್ಬಿಣದ ಟ್ರಂಕಿನ ಮೇಲೆ ಅವಳ ಅಪ್ಪನ ಹೆಸರೂ ಊರೂ ಇಂಥದೇ ಅಚ್ಚಿನಲ್ಲಿ ಬಿಳಿಯ ಬಣ್ಣದಿಂದ ಬಿದ್ದಿವೆ. ಅಳಿಯನಿಗೆ ಚಪ್ಪಲಿ ತರಲೆಂದು ಅಥಣಿಗೆ ಹೋದಾಗಲೂ ಕಂಡದ್ದು ಇದೇ ಕೆಲಸ: ಚರ್ಮದ ಮೇಲೆ ಅಳತೆಯ ಅಚ್ಚು ಇಟ್ಟು, ಸುತ್ತ ಗೀಟು ಎಳೆದು, ಕತ್ತರಿಸುವುದು. ಈ ಚಪ್ಪಲಿಗೆ ಕೊಲ್ಹಾಪುರದ ಹೆಸರು ಬಿದ್ದಿದ್ದರೂ ೨೦೧೯ರಲ್ಲಿ ಅದಕ್ಕೆ ಭೌಗೋಲಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಗಡಿಯ ಗೆರೆ ಏನೇ ಹೇಳಲಿ, ಅಚ್ಚು ಎರಡೂ ಕಡೆ ಒಂದೇ.

ಮುದ್ರೆಯೊತ್ತುವ ಅಚ್ಚಿಗೂ ಕೊರೆದ ಅಚ್ಚಿಗೂ ಒಂದು ವ್ಯತ್ಯಾಸವಿದೆ. ಮುದ್ರೆ ತಾನೇ ಹೋಗಿ ಕಾಗದವನ್ನು ಮುಟ್ಟುತ್ತದೆ. ತನ್ನ ಮೈಯ ಬಣ್ಣವನ್ನು ಅದಕ್ಕೆ ಬಳಿಯುತ್ತದೆ. ಕೊರೆದ ಅಚ್ಚು ಹಾಗಲ್ಲ. ಅದು ಬಣ್ಣಕ್ಕೆ ಅಡ್ಡ ನಿಲ್ಲುತ್ತದೆ, ಎಲ್ಲಿ ತಾನಿಲ್ಲವೋ ಅಲ್ಲಿ ಮಾತ್ರ ದಾರಿ ಬಿಡುತ್ತದೆ. ಮನುಷ್ಯನಿಗೆ ಈ ಉಪಾಯ ಬಹಳ ಹಿಂದೆಯೇ ಹೊಳೆದಿತ್ತು. ಇಂಡೋನೇಷ್ಯಾದ ಸುಲವೇಸಿ ದ್ವೀಪದ ಗವಿಗಳಲ್ಲಿ ಕೈಯನ್ನು ಬಂಡೆಗೆ ಒತ್ತಿ ಹಿಡಿದು ಸುತ್ತ ಕೆಂಪು ಬಣ್ಣ ಊದಿದ ಗುರುತುಗಳಿವೆ. ಅವುಗಳಲ್ಲಿ ಒಂದಕ್ಕೆ ಕನಿಷ್ಠ ೩೯ ಸಾವಿರ ವರ್ಷ ವಯಸ್ಸಾಗಿದೆ ಎಂದು ವಿಜ್ಞಾನಿಗಳು ೨೦೧೪ರಲ್ಲಿ ತೋರಿಸಿಕೊಟ್ಟರು. ಕೈ ಹೋಗಿದೆ, ಕೈಯಿದ್ದ ಜಾಗ ಉಳಿದಿದೆ.

ಇನ್ನು ನಮ್ಮ ಪುಸ್ತಕದ ಮಾತು. ಮೊದಲ ಅಡಚಣೆ ಹಾಳೆಯದು. ಸಾದಾ ರಟ್ಟಿನಲ್ಲಿ ಕೊರೆದರೆ ಎರಡು ಸಲ ಬಣ್ಣ ಹಚ್ಚುವುದರೊಳಗೆ ಅಂಚು ನೆನೆದು ಮೆತ್ತಗಾಗುತ್ತದೆ. ರಟ್ಟಿಗೆ ಎಣ್ಣೆ ಇಲ್ಲವೆ ಮೇಣ ಕುಡಿಸಬೇಕು, ಅಥವಾ ನೀರು ಹೀರದ ಹಾಳೆ ಬೇಕು. ಹಳೆಯ ಎಕ್ಸ್‌ರೇ ಫಿಲ್ಮು ಇದಕ್ಕೆ ಬಹಳ ಒಳ್ಳೆಯದು ಎಂದು ಮಗಳು ಎಲ್ಲಿಯೋ ತಿಳಿದುಕೊಂಡು ಬಂದಳು. ಅಂಥ ಫಿಲ್ಮು ಇದ್ದದ್ದು ನಿಪ್ಪಾಣಿಯಲ್ಲಿ, ನಮ್ಮ ಅಕ್ಕನ ಬಳಿ.

ಅಕ್ಕನ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ನನಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ. ಹನ್ನೆರಡರ ಅಕ್ಕ ಅವ್ವನ ಪಕ್ಕದಲ್ಲಿ ಮೊರ ಹಿಡಿದು ಬೀಡಿ ಕಟ್ಟಲು ಕುಳಿತಳು. ಹಾಗೆ ಕುಳಿತವಳು ನಲವತ್ತೆಂಟು ವರ್ಷ ಏಳಲಿಲ್ಲ. ಎಲೆ ನೆನೆಸುವುದು, ತಗಡಿನ ಅಳತೆ ಇಟ್ಟು ಕತ್ತರಿಸುವುದು, ತಂಬಾಕಿನ ಪುಡಿ ತುಂಬಿ ಸುರುಳಿ ಸುತ್ತುವುದು, ದಾರ ಕಟ್ಟುವುದು. ಸಾವಿರಕ್ಕೆ ಇಷ್ಟು ಎಂದು ಕೂಲಿ. ಎಣಿಸಿಕೊಳ್ಳುವವನು ಕೆಟ್ಟಿವೆ ಎಂದು ಬದಿಗೆ ಸರಿಸಿದ ಬೀಡಿಗಳಿಗೆ ಕೂಲಿ ಇಲ್ಲ. ಆದರೆ ಅವೂ ಅವನ ಬುಟ್ಟಿಗೇ. ಬೀಡಿ ಕೆಲಸಗಾರರಿಗಾಗಿ ೧೯೬೬ರಲ್ಲಿ ಒಂದು ಕಾನೂನು ಬಂತು, ೧೯೭೬ರಲ್ಲಿ ಕಲ್ಯಾಣ ನಿಧಿಯ ಕಾನೂನೂ ಬಂತು. ಅವು ನಮ್ಮ ಓಣಿಯವರೆಗೆ ನಡೆದು ಬರುವ ಹೊತ್ತಿಗೆ ನಾನು ಮೆಟ್ರಿಕ್ ಮುಗಿಸಿದ್ದೆ. ನನ್ನ ಫೀ, ಪುಸ್ತಕ, ಮುಂದೆ ಧಾರವಾಡದ ಖೋಲಿಯ ಬಾಡಿಗೆ, ಎಲ್ಲವೂ ಇಪ್ಪತ್ತೈದರ ಕಟ್ಟುಗಳಿಂದ ಬಂದವು. ಅಕ್ಕ ಮಾತ್ರ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ಒಂದು ಚಳಿಗಾಲ ಅವಳ ಕೆಮ್ಮು ನಿಲ್ಲದೆ ಎದೆಯ ಫೋಟೋ ತೆಗೆಸಿದ್ದೆವು. ದೊಡ್ಡ ರೋಗವೇನಿಲ್ಲ, ಪುಡಿಯಲ್ಲಿ ಕೂಡುವುದನ್ನು ಬಿಡಿರಿ ಎಂದು ಡಾಕ್ಟರರು ಹೇಳಿದರು. ಕೂಡುವುದನ್ನು ಅವಳು ಬಿಟ್ಟದ್ದು ಮುಂದೆ ಎಂಟು ವರ್ಷಕ್ಕೆ. ಫೋಟೋ ಮಾತ್ರ ಹಾಸಿಗೆಯ ಕೆಳಗೆ ಜೋಪಾನವಾಗಿತ್ತು. ಮದುವೆಯ ಕೆಲಸಕ್ಕೆಂದು ತಿಂಗಳು ಮೊದಲೇ ಬಂದ ಅಕ್ಕ ಅದನ್ನು ಸುರುಳಿ ಸುತ್ತಿ ತಂದಿದ್ದಳು.

ಫಿಲ್ಮನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿಟ್ಟು, ಕಿಟಕಿ ತೆರೆದು, ಆಮೇಲೆ ಮೆತ್ತಗೆ ಉಜ್ಜಿದರೆ ಕಪ್ಪೆಲ್ಲ ಬಿಟ್ಟು ತಿಳಿನೀಲಿಯ ಪಾರದರ್ಶಕ ಹಾಳೆ ಉಳಿಯುತ್ತದೆ. ಮಗಳು ತೊಳೆಯುತ್ತಿದ್ದಳು; ಪಕ್ಕೆಲುಬುಗಳು ಒಂದೊಂದಾಗಿ ನೀರಿನಲ್ಲಿ ಕರಗುತ್ತಿದ್ದವು. ಅಕ್ಕ ಬಗ್ಗಿ ನೋಡಿದಳು.

"ಹೋತೇನವಾ ನನ್ನ ಕೆಮ್ಮ?"

"ಹೋತ್ರಿ ಅತ್ತಿ."

"ಡಾಕ್ಟರಗ ಇದ ಗೊತ್ತ ಇರಲಿಲ್ಲ ನೋಡ!"

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಎರಡನೆಯ ಅಡಚಣೆ ಅಕ್ಷರದ್ದು. ಪುಸ್ತಕದ ಮೊದಲ ಪುಟಕ್ಕೆ "ಶುಭಮಂಗಲಂ" ಎಂದು ಕೊರೆಯಬೇಕಾಗಿತ್ತು. ಕೆಲಸಕ್ಕೆ ಕೂತಾಗಲೇ ತಿಳಿಯುವುದು, ಕನ್ನಡದ ಲಿಪಿ ಎಷ್ಟು ದುಂಡಗೆ ಎಂದು. ಸೊನ್ನೆಯ ಗೆರೆಯನ್ನು ಸುತ್ತ ಕೊರೆದಿರೋ, ನಡುವಿನ ಬಿಲ್ಲೆಯೂ ಉದುರಿ ಬೀಳುತ್ತದೆ. ಉಳಿಯುವುದು ಸೊನ್ನೆಯಲ್ಲ, ದೊಡ್ಡ ಬೊಟ್ಟು. "ರ"ಕಾರದ ಹೊಟ್ಟೆಗೂ ಇದೇ ಗತಿ, "ಠ"ಕಾರದ ಕತೆ ಕೇಳಲೇಬೇಡಿ. ಮಗಳು ಉದುರಿದ ಬಿಲ್ಲೆಯನ್ನು ಬೆರಳ ತುದಿಯಲ್ಲಿ ಹಿಡಿದು ಯೋಚಿಸುತ್ತಿದ್ದಾಗ ಅಕ್ಕ ಕತ್ತರಿ ಕೇಳಿದಳು. ಸಪೂರ ಮೂತಿಯ ಅವಳದೇ ಕತ್ತರಿ. ಅದನ್ನು ಬಿಟ್ಟು ಅವಳು ಎಲ್ಲಿಗೂ ಹೋಗುವುದಿಲ್ಲ.

"ಪೂರಾ ಯಾಕ ಕತ್ತರಸ್ತಿ? ತೊಟ್ಟ ಬಿಡ. ತೊಟ್ಟ ಇದ್ದರ ಎಲಿ ಗಿಡದಾಗ ಇರತೈತಿ."

ಹೀಗೆಂದು, ಓದಲು ಬಾರದ ಆ ಅಕ್ಷರದ ಒಳಗಿನ ಬಿಲ್ಲೆಗೆ ಮೇಲೊಂದು ಕೆಳಗೊಂದು ಸಣ್ಣ ಪಟ್ಟಿ ಬಿಟ್ಟು ಸುತ್ತ ಕತ್ತರಿಸಿ ತೋರಿಸಿದಳು. ಬಿಲ್ಲೆ ನಿಂತಿತು.

ಜಪಾನಿನವರು ಬಟ್ಟೆಗೆ ಬಣ್ಣ ಹಾಕಲು ಕಾಗದದ ಅಚ್ಚು ಕೊರೆಯುತ್ತಾರೆ. ಕಟಗಾಮಿ ಎಂದು ಅದರ ಹೆಸರು. ಅವರ ಬಳ್ಳಿಗಳು ಎಷ್ಟು ನವುರಾಗಿರುತ್ತವೆಂದರೆ, ಅವು ಅಲುಗದಂತೆ ಎರಡು ಪದರಗಳ ನಡುವೆ ರೇಷ್ಮೆಯ ಎಳೆ ಹಾಯಿಸುವ ಪದ್ಧತಿಯೂ ಇತ್ತು. ಮಥುರಾ ಬೃಂದಾವನಗಳಲ್ಲಿ ಕೃಷ್ಣನ ಲೀಲೆಗಳನ್ನು ಕಾಗದದಲ್ಲಿ ಕತ್ತರಿಸಿ, ಬಣ್ಣದ ಪುಡಿಯಿಂದ ನೆಲದ ಮೇಲೆ ಮೂಡಿಸುವ ಸಾಂಝಿ ಕಲೆಯಲ್ಲಿಯೂ ಜಾಣತನವೆಲ್ಲ ಇರುವುದು ಎಲ್ಲಿ ಕತ್ತರಿಸದೆ ಬಿಡಬೇಕು ಎಂಬುದರಲ್ಲಿ. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಸೇತುವೆ ಎನ್ನುತ್ತಾರೆ. ನನಗೆ ಅಕ್ಕನ ತೊಟ್ಟೇ ಸರಿಯೆನಿಸುತ್ತದೆ. ಸೇತುವೆ ಹೊರಗಿನಿಂದ ತಂದು ಕಟ್ಟುವಂಥದು; ತೊಟ್ಟು ಮೊದಲೇ ಇದ್ದದ್ದು, ನಾವು ಕಡಿಯದಿದ್ದರೆ ಸಾಕು.

ಬೀಗರು ಕಾಗವಾಡದವರು, ಮನೆಮಾತು ಮರಾಠಿ. ಆದ್ದರಿಂದ ಎದುರು ಪುಟಕ್ಕೆ ಅದೇ ಮಾತನ್ನು ಬಾಳಬೋಧ ಲಿಪಿಯಲ್ಲಿ ಕೊರೆಯುವುದು ಎಂದಾಯಿತು. ಅದರ ಕಷ್ಟ ಬೇರೆ. ಅಕ್ಷರಗಳ ತಲೆಯ ಮೇಲಿನ ಉದ್ದ ಗೆರೆಯನ್ನು ಒಂದೇ ಸವನೆ ಕೊರೆದರೆ ಹಾಳೆ ಸೀಳಿದಂತಾಗಿ ಅಲ್ಲಾಡುತ್ತದೆ. ಅಕ್ಷರಕ್ಕೊಂದು ಕಡೆ ತುಂಡು ಮಾಡಿ ಬಿಡಬೇಕು. ನಮ್ಮ ಲಿಪಿ ಒಳಗಿನಿಂದ ಉದುರುತ್ತದೆ, ಅವರದು ಮೇಲಿನಿಂದ ಸೀಳುತ್ತದೆ. ಎರಡಕ್ಕೂ ಔಷಧ ಒಂದೇ. ೧೯೫೬ರ ನವೆಂಬರ್ ಒಂದರಂದು ಈ ತಾಲ್ಲೂಕುಗಳು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಾಗಿನಿಂದ ಯಾವ ಹಲಗೆಯ ಮೇಲೆ ಯಾವ ಲಿಪಿ ಇರಬೇಕೆಂದು ಎಷ್ಟೋ ಜಗಳ ಕೇಳಿದ್ದೇನೆ. ನಮ್ಮ ಮನೆಯ ಪಡಸಾಲೆಯಲ್ಲಿ ಮಾತ್ರ ಎರಡನ್ನೂ ಒಂದೇ ಕತ್ತರಿ ಕತ್ತರಿಸಿತು.

ಬಣ್ಣ ಹಚ್ಚುವ ಕ್ರಮವನ್ನು ಮಾಡಿ ನೋಡಬೇಕೆನ್ನುವವರಿಗಾಗಿ ಹೇಳಿಬಿಡುತ್ತೇನೆ. ಕುಂಚ ಒದ್ದೆಯಾಗಿರಬಾರದು. ಪೋಸ್ಟರ್ ಬಣ್ಣವನ್ನು ಗಟ್ಟಿಯಾಗಿಯೇ ಇಟ್ಟುಕೊಂಡು, ಸ್ಪಂಜಿನ ಚೂರಿಗೆ ಸ್ವಲ್ಪ ತಾಗಿಸಿ, ಅದನ್ನೂ ರದ್ದಿ ಕಾಗದದ ಮೇಲೆ ಒಮ್ಮೆ ಒತ್ತಿ, ಆಮೇಲೆ ಅಚ್ಚಿನ ಮೇಲೆ ನೇರವಾಗಿ ಕುಟ್ಟಬೇಕು. ಎಳೆಯಬಾರದು, ಎಳೆದರೆ ಬಣ್ಣ ಅಂಚಿನ ಕೆಳಗೆ ನುಸುಳುತ್ತದೆ. ಅಂಚಿನಿಂದ ನಡುವಿಗೆ ಬರಬೇಕು. ಅಚ್ಚನ್ನು ಎತ್ತುವಾಗ ಸರಿಸದೆ ಮೇಲಕ್ಕೇ ಎತ್ತಬೇಕು, ಪ್ರತಿ ಸಲವೂ ಹಿಂಬದಿ ಒರೆಸಬೇಕು. ಮಂಗಲಕರವೆಂದು ನನ್ನ ಹೆಂಡತಿ ಅರಿಷಿಣವನ್ನೇ ಬಣ್ಣವಾಗಿ ಹಚ್ಚಬೇಕೆಂದಳು. ಆದರೆ ಅರಿಷಿಣದ ಬಣ್ಣ ಬೆಳಕಿಗೆ ಬಲು ಬೇಗ ಮಾಸುತ್ತದೆ. ಅದನ್ನು ಒಂದು ಮೂಲೆಗೆ ಶಾಸ್ತ್ರಕ್ಕಷ್ಟೇ ಮುಟ್ಟಿಸಿದೆವು.

ಹದಿನೈದು ದಿನದಲ್ಲಿ ಪುಸ್ತಕ ತುಂಬುತ್ತ ಬಂತು. ಉಳಿದದ್ದು ಹಿರಿಯರ ಆಶೀರ್ವಾದದ ಪುಟಗಳು. ಬಂದವರೆಲ್ಲ ಬರೆದರು, ಕೆಲವರು ಎರಡು ಸಾಲು, ರಾಯಬಾಗದ ನನ್ನ ಹೆಂಡತಿಯ ಅಣ್ಣನವರು ಒಂದೂವರೆ ಪುಟ. ಅಕ್ಕನ ಸರದಿ ಬಂದಾಗ ಯಾರೋ ಮಸಿಯ ಪ್ಯಾಡು ತಂದು ಮುಂದಿಟ್ಟರು. ಹೆಬ್ಬೆಟ್ಟು ಒತ್ತಿದರಾಯಿತು, ಅದೂ ಚಂದವೇ ಕಾಣುತ್ತದೆ, ಎಂದರು. ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ. ಹೆಬ್ಬಟ್ಟ ಒತ್ತಿ ಒತ್ತಿ ಸಾಲಾ ತಗೊಂಡೀನಿ. ಮಗಳ ಲಗ್ನದ ಪುಸ್ತಕದಾಗ ಅದ ಬ್ಯಾಡ."

ಆಮೇಲೆ ಅವಳು ಎದ್ದು ಹೋಗಿ ತನ್ನ ಗಂಟಿನಿಂದ ಒಂದು ತಗಡು ತಂದಳು. ಬೀಡಿಯ ಎಲೆ ಕತ್ತರಿಸುವ ಅಳತೆಯ ತಗಡು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಅಂಚುಗಳು ಸವೆದು ನುಣ್ಣಗಾಗಿದ್ದವು. ಅದನ್ನು ಪುಟದ ನಡುವೆ ಇಟ್ಟು, ಎಡಗೈ ಹೆಬ್ಬೆರಳಿನಿಂದ ಎಲೆಯನ್ನು ಹಿಡಿದಂತೆಯೇ ಒತ್ತಿ ಹಿಡಿದು, ಬಲಗೈಯಲ್ಲಿ ಸ್ಪಂಜು ತೆಗೆದುಕೊಂಡು ಸುತ್ತಲೂ ಹಸಿರು ಬಣ್ಣ ಕುಟ್ಟಿದಳು. ತಗಡು ಎತ್ತಿದಾಗ ಹಸಿರಿನ ನಡುವೆ ಒಂದು ಬಿಳಿಯ ಚೌಕ ಉಳಿಯಿತು.

"ಇದ ನನ್ನ ಸಹಿ."

"ನಡುವ ಏನ ಬರೀಲ್ರಿ ಅತ್ತಿ?" ಎಂದಳು ಮಗಳು.

"ಏನೂ ಬರೀಬ್ಯಾಡ. ಅಟ ಜಾಗಾ ಖಾಲಿ ಇರ್ಲಿ."

ರಾಯಬಾಗದ ಅಣ್ಣನವರು ಅಂದು ರಾತ್ರಿ ನನ್ನನ್ನು ಅಂಗಳಕ್ಕೆ ಕರೆದರು. ಅವರು ಕೆಟ್ಟವರಲ್ಲ, ತಂಗಿಯ ಮಗಳು ದೊಡ್ಡ ಮನೆಗೆ ಹೋಗುತ್ತಿದ್ದಾಳೆ ಎಂಬ ಕಾಳಜಿ ಅವರದು. "ನೋಡ್ರಿ, ಆ ಪುಟ ಒಂದ ತಗದ ಬಿಡೋಣು. ರುಖವತದಾಗ ಹೆಣ್ಣಮಕ್ಕಳ ಕೇಳತಾರ, ಇದೇನ ಅಂತ. ಬೀಡಿ ತಗಡ ಅಂತ ಹೇಳೂದ ಛಲೋ ಕಾಣಸ್ತೈತೇನ?" ಎಂದರು. ನಾನು ಮಗಳನ್ನು ಕೇಳಿರಿ, ಪುಸ್ತಕ ಅವಳದು ಎಂದೆ. ಅವರು ಕೇಳಿದರು. ಮಗಳು ಉತ್ತರ ಹೇಳಲಿಲ್ಲ. ಬೆಳಿಗ್ಗೆ ನೋಡಿದರೆ, ಬೇರೆ ಪುಟಗಳಿಗೆಂದು ಅತ್ತೆ ಕೊರೆದಿಟ್ಟಿದ್ದ ಮಲ್ಲಿಗೆ ಬಳ್ಳಿಯ ಅಂಚನ್ನು ಆ ಚೌಕದ ಪುಟಕ್ಕೂ ಸುತ್ತ ಹಾಕಿದ್ದಳು. ಅದೇ ಹಾಳೆಯ ಹಿಂಬದಿಗೆ ಲಗ್ನಪತ್ರಿಕೆಯನ್ನು ಅಂಟಿಸಿದ್ದಳು. ಇನ್ನು ಆ ಪುಟ ತೆಗೆದರೆ ಪತ್ರಿಕೆಯೂ ಹೋಗುತ್ತದೆ! ಅಣ್ಣನವರು ಎರಡು ಸಲ ಪುಟ ತಿರುಗಿಸಿ ನೋಡಿ, ನಕ್ಕು, ಚಹಾ ಕುಡಿಯಲು ಹೋದರು.

ಮದುವೆಯ ದಿನ ರುಖವತದ ಮುಂದೆ ಗದ್ದಲವಿತ್ತು. ಬೀಗರ ಮನೆಯ ಹಿರಿಯ ಅಜ್ಜಿಯನ್ನು ಕುರ್ಚಿ ಹಾಕಿ ಕೂಡಿಸಿ ಪುಸ್ತಕವನ್ನು ತೊಡೆಯ ಮೇಲೆ ಇಟ್ಟರು. ನವಿಲು, ಕಮಲ, ಎರಡು ಲಿಪಿಯ ಮಂಗಲ, ಎಲ್ಲಕ್ಕೂ ಅವರು ತಲೆದೂಗಿದರು. ಬಿಳಿಯ ಚೌಕದ ಪುಟಕ್ಕೆ ಬಂದು ನಿಂತರು. ಇಲ್ಲಿ ಫೋಟೋ ಅಂಟಿಸುವುದು ಉಳಿದಿದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಸುತ್ತ ನಿಂತ ನಮ್ಮವರು ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕ ಹಿಂದಿನಿಂದ ಮುಂದಕ್ಕೆ ಬಂದಳು. ನಿಪ್ಪಾಣಿಯ ತನ್ನ ಮರಾಠಿಯಲ್ಲಿ, ದನಿ ಏರಿಸದೆ ಇಳಿಸದೆ, ಇದು ಬೀಡಿಯ ಎಲೆಯ ಅಳತೆ, ನಲವತ್ತೆಂಟು ವರ್ಷ ಇದೇ ಅಳತೆಗೆ ಕತ್ತರಿಸಿದೆ, ತಮ್ಮ ಓದಿದ್ದು ಇದರಿಂದ, ಎಂದಳು.

ಅಜ್ಜಿ ಮಾತಾಡಲಿಲ್ಲ. ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, ನಾಲ್ಕೂ ಅಂಚುಗಳಗುಂಟ ನಿಧಾನವಾಗಿ ಆಡಿಸಿದರು. ಆಮೇಲೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ತಮ್ಮ ಸೊಸೆಯನ್ನು ಎಬ್ಬಿಸಿ, ಅಲ್ಲಿ ಅಕ್ಕನನ್ನು ಕೂಡಿಸಿಕೊಂಡರು. ಊಟಕ್ಕೆ ಕರೆಯುವವರೆಗೂ ಇಬ್ಬರೂ ಅಲ್ಲಿಯೇ ಇದ್ದರು. ದಿನಕ್ಕೆ ಎಷ್ಟು ಕಟ್ಟುತ್ತಿದ್ದಿರಿ, ಮಳೆಗಾಲದಲ್ಲಿ ಎಲೆ ಕೊಳೆಯುತ್ತಿರಲಿಲ್ಲವೇ, ಬೆರಳು ಸೆಳೆಯುತ್ತಿರಲಿಲ್ಲವೇ ಎಂದು ಅವರು ಕೇಳುತ್ತಿದ್ದುದು ಅಲ್ಲಲ್ಲಿ ನನ್ನ ಕಿವಿಗೂ ಬಿತ್ತು.

ಪುಸ್ತಕ ಈಗ ಕಾಗವಾಡದಲ್ಲಿದೆ. ನೆಂಟರು ಬಂದಾಗ ತೆಗೆಯುತ್ತಾರಂತೆ. ಮೂಲೆಯ ಅರಿಷಿಣ ಆಗಲೇ ಮಾಸಿದೆಯಂತೆ. ಕೊರೆದ ಅಚ್ಚುಗಳು ಮಾತ್ರ ನಮ್ಮಲ್ಲಿ ಉಳಿದಿವೆ. ಓಣಿಯಲ್ಲಿ ಯಾವ ಮನೆಯಲ್ಲಿ ಮದುವೆಯಾದರೂ ಒಂದು ಹುಡುಗಿ ಬಂದು ಕೇಳುತ್ತಾಳೆ, ಒಯ್ಯುತ್ತಾಳೆ, ಒರೆಸಿ ತಂದು ಕೊಡುತ್ತಾಳೆ. ಅಂಚಿಗೆ ನಾಲ್ಕೈದು ಮದುವೆಗಳ ಬಣ್ಣ ಮೆತ್ತಿಕೊಂಡಿದೆ. ಸೊನ್ನೆಯ ಒಳಗಿನ ಬಿಲ್ಲೆ ಮಾತ್ರ ಅಕ್ಕ ಬಿಟ್ಟ ಎರಡು ತೊಟ್ಟುಗಳ ಮೇಲೆ ಇನ್ನೂ ಗಟ್ಟಿಯಾಗಿ ನಿಂತಿದೆ.